ಹುಲ್ಲಿನ ಲೆಕ್ಕ ದೀಪಾವಳಿಗೇ ಆಗಲಿ

ಮಾನ್ಯ ಸಂಪಾದಕರೇ,

ಬೇಸಿಗೆಯ ಮೇವಿನ ಮಾತು ಬಂದಾಗಲೆಲ್ಲ ನಮ್ಮ ಕಡೆಯ ಹಾಲಿನ ಸಂಘಗಳಲ್ಲಿ ಆಸ್ಟ್ರೇಲಿಯಾದ ಉದಾಹರಣೆ ಎತ್ತುವವರು ಒಬ್ಬರಾದರೂ ಇರುತ್ತಾರೆ. ಅಲ್ಲಿಯವರು ಮರಳುಗಾಡಿನ ಅಂಚಿನಲ್ಲಿ ಸಾವಿರಾರು ದನಗಳನ್ನು ಸಾಕುತ್ತಾರಂತೆ, ಇಷ್ಟು ಮಳೆ ಬೀಳುವ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ನಾಲ್ಕು ದನ ಸಾಕುವುದೇಕೆ ಕಷ್ಟವಾಗಬೇಕು ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಗಾವಲುಗಳನ್ನು, ಅಂದರೆ ದನ ಮೇಯಿಸುವ ವಿಶಾಲ ಬಯಲುಗಳನ್ನು, ಹೇಗೆ ನಡೆಸುತ್ತಾರೆ ಎಂಬ ವಿಷಯಕ್ಕೆ ಚರ್ಚೆ ಹೋಗುವುದೇ ಇಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ದಕ್ಷಿಣ ಆಸ್ಟ್ರೇಲಿಯಾದ ಅನ್ನಾ ಕ್ರೀಕ್ ಜಗತ್ತಿನಲ್ಲೇ ಅತಿ ದೊಡ್ಡದೆಂದು ಹೆಸರಾದ ದನಗಾವಲು. ಪಕ್ಕದ ಪೀಕ್ ಗಾವಲೂ ಸೇರಿದರೆ ಅದರ ವಿಸ್ತೀರ್ಣ 23,000 ಚದರ ಕಿ.ಮೀ. ಮೀರುತ್ತದೆ, ನಮ್ಮ ಉತ್ತರ ಕನ್ನಡದಂಥ ಎರಡು ಜಿಲ್ಲೆಗಳು ಅದರೊಳಗೆ ಹಿಡಿಸುತ್ತವೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿ.ಮೀ.ಗಿಂತ ಕಡಿಮೆ. ಆದ್ದರಿಂದ ಮಳೆ ಚೆನ್ನಾಗಿ ಆದ ವರ್ಷದಲ್ಲಿಯೂ ಒಂದೊಂದು ದನದ ಪಾಲಿಗೆ ಒಂದು ಚದರ ಕಿ.ಮೀ.ಗಿಂತ, ಅಂದರೆ ಸುಮಾರು 250 ಎಕರೆಗಿಂತ, ಹೆಚ್ಚು ನೆಲ ಬರುವಂತೆ ಸಂಖ್ಯೆಯನ್ನು ಹಿಡಿತದಲ್ಲಿ ಇಡುತ್ತಾರೆ. ಬರ ಬಂದರೆ ಹಿಂಡಿನ ಬಹುಪಾಲನ್ನು ಖಾಲಿ ಮಾಡುತ್ತಾರೆ.

ಅಷ್ಟು ನೆಲವಿದ್ದರೂ ಮೇಯಲು ಸಿಗುವುದು ನೀರಿನ ಸುತ್ತಲಿನ ಭಾಗ ಮಾತ್ರ. ದನಗಳು ಹೆಚ್ಚಾಗಿ ನೀರಿನಿಂದ ಐದಾರು ಕಿ.ಮೀ. ಒಳಗೇ ಮೇಯುತ್ತವೆ, ಅದರಾಚೆಗಿನ ಹುಲ್ಲು ಇದ್ದೂ ಇಲ್ಲದಂತೆ. ನೀರು ಕೊಳವೆಬಾವಿಗಳದ್ದು. ಆ ಖಂಡದ ಐದನೇ ಒಂದು ಭಾಗಕ್ಕಿಂತ ಹೆಚ್ಚು ನೆಲದ ಅಡಿಯಲ್ಲಿ ಹಬ್ಬಿರುವ ಗ್ರೇಟ್ ಆರ್ಟೇಶಿಯನ್ ಬೇಸಿನ್ ಎಂಬ ಅಂತರ್ಜಲ ಭಂಡಾರದಿಂದ ಅದು ಬರುತ್ತದೆ. ಮೊದಲು ಅದನ್ನು ತೆರೆದ ಕಾಲುವೆಗಳಲ್ಲಿ ಹರಿಯಬಿಟ್ಟು, ಬಹುಪಾಲು ಆವಿಯಾಗಿಯೂ ಇಂಗಿಯೂ ಹೋಗುವುದನ್ನು ದಶಕಗಳ ಕಾಲ ನೋಡಿದವರು, 1999ರ ನಂತರ ಸರ್ಕಾರದ ನೆರವಿನಿಂದ ಬಾವಿಗಳಿಗೆ ಮುಚ್ಚಳ ಹಾಕಿ ಪೈಪು, ತೊಟ್ಟಿಗಳ ವ್ಯವಸ್ಥೆ ಮಾಡಿದರು. ಗಾವಲಿನ ಕೆಲಸದಲ್ಲಿ ಹೆಲಿಕಾಪ್ಟರಿನಿಂದ ದನ ಅಟ್ಟುವ ಚಿತ್ರವನ್ನೇ ನಾವು ನೋಡಿರುತ್ತೇವೆ. ನಿಜವಾದ ದಿನಚರಿ ನೂರಾರು ಕಿ.ಮೀ. ಸುತ್ತಿ ಒಂದೊಂದೇ ಪಂಪು, ತೊಟ್ಟಿ ನೋಡಿಬರುವುದು. ಕಡುಬೇಸಿಗೆಯಲ್ಲಿ ಒಂದು ಪಂಪು ಕೆಟ್ಟದ್ದು ಗೊತ್ತಾಗದೆ ಕೆಲವು ದಿನ ಕಳೆದರೆ ಅಲ್ಲಿನ ದನಗಳು ಸಾಯುತ್ತವೆ.

ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯ. ಆ ನೆಲ ಗಾವಲಿನವರ ಸ್ವಂತದ್ದಲ್ಲ, ಸರ್ಕಾರದ ಗುತ್ತಿಗೆಯದು. ದಕ್ಷಿಣ ಆಸ್ಟ್ರೇಲಿಯಾದ 1989ರ ಕಾಯ್ದೆಯ ಪ್ರಕಾರ ಎಷ್ಟು ದನ ಬಿಡಬಹುದೆಂಬ ಮಿತಿ ಗುತ್ತಿಗೆಯಲ್ಲೇ ಇರುತ್ತದೆ, ನೆಲದ ಸ್ಥಿತಿಯನ್ನು ಕಾಲಕಾಲಕ್ಕೆ ಪರೀಕ್ಷಿಸಲಾಗುತ್ತದೆ. ನಮ್ಮ ಭೂಕಂದಾಯ ನಿಯಮಗಳಲ್ಲಿ 100 ದನಗಳಿಗೆ 12 ಹೆಕ್ಟೇರ್ ಗೋಮಾಳ ಎಂಬ ಲೆಕ್ಕವಿದೆ. ಆ ಗೋಮಾಳದಲ್ಲಿ ಹುಲ್ಲಿದೆಯೇ, ಅಕೇಶಿಯಾ ನೆಡುತೋಪು ಎದ್ದಿದೆಯೇ, ಲಂಟಾನ ಕಳೆ ಮುಚ್ಚಿದೆಯೇ ಎಂದು ಕೇಳುವ ಲೆಕ್ಕ ಅದಲ್ಲ. ಬ್ಯಾಣಗಳೆಂಬ ಹುಲ್ಲುಗಾವಲಿನ ಗುಡ್ಡಗಳಲ್ಲಿ ಕರಡದ ಹುಲ್ಲು ಕೊಯ್ದು ಹೊರೆ ಕಟ್ಟಿ ತರುತ್ತಿದ್ದ ಊರುಗಳೇ ಈಗ ಬಯಲುಸೀಮೆಯ ಲಾರಿಗಳ ಒಣಹುಲ್ಲಿಗೆ ಕಾಯುತ್ತಿವೆ. ಎರಡು ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ತಾಲೂಕಿನಲ್ಲಿ ಹೀಗಾಗಿರುವುದು ನನಗೆ ತುಂಬ ನೋವಿನ ವಿಷಯ.

ಅಲ್ಲಿನ ದಾರಿಯನ್ನು ನಾವು ಪೂರ್ತಿ ಹಿಡಿಯಲಾಗದು. ಅವರು ಬರ ಬಂದಾಗ ದನ ಮಾರುವುದು ಮಾಂಸದ ಮಾರುಕಟ್ಟೆಗೆ. ನಮ್ಮಲ್ಲಿ 2021ರಿಂದ ಜಾರಿಯಲ್ಲಿರುವ ಕಾಯ್ದೆಯಡಿ ಗೋಹತ್ಯೆ ನಿಷಿದ್ಧ, ನಮ್ಮ ಕೊಟ್ಟಿಗೆಗಳ ಭಾವನೆಯೂ ಬೇರೆ. ದನಗಳ ಸಂಖ್ಯೆಯನ್ನು ಏಕಾಏಕಿ ಇಳಿಸಲಾಗದವರು ಮೇವಿನ ಲೆಕ್ಕವನ್ನು ಅವರಿಗಿಂತ ಮೊದಲೇ ಮಾಡಬೇಕಲ್ಲವೇ? 2023ರಲ್ಲಿ ರಾಜ್ಯದ 223 ತಾಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಘೋಷಣೆಯಾದ ಮೇಲೆ ಹುಲ್ಲು ಹುಡುಕಲು ಹೊರಟರೆ ಎಲ್ಲ ತಾಲೂಕುಗಳೂ ಒಂದೇ ಲಾರಿಯ ಹಿಂದೆ ಓಡಬೇಕಾಗುತ್ತದೆ.

ತಳಿಯ ವಿಷಯದಲ್ಲೂ ಒಂದು ಮಾತು. ಆಸ್ಟ್ರೇಲಿಯಾದ ಉತ್ತರಭಾಗದ ಸೆಕೆ, ಉಣುಗುಗಳನ್ನು ತಡೆದುಕೊಳ್ಳುವ ಬ್ರಾಹ್ಮನ್ ದನಗಳಲ್ಲಿ ಗಿರ್, ಓಂಗೋಲ್‌ಗಳ ಜೊತೆ ನಮ್ಮ ಕೃಷ್ಣಾ ಕಣಿವೆ ತಳಿಯ ರಕ್ತವೂ ಇದೆ. ನೆಲಕ್ಕೆ ಒಗ್ಗುವ ದನವನ್ನು ಅವರು ಅಷ್ಟು ದೂರದಿಂದ ತರಿಸಿಕೊಂಡರು. ಕಡಿಮೆ ಮೇವಿನಲ್ಲಿ ಗುಡ್ಡ ಹತ್ತಿ ಮೇಯುವ ಮಲೆನಾಡು ಗಿಡ್ಡ ನಮ್ಮ ಕೊಟ್ಟಿಗೆಯಲ್ಲೇ ಇತ್ತು, ಈಗ ಕಡಿಮೆಯಾಗುತ್ತಿದೆ.

ಜಿಲ್ಲಾ ಪಂಚಾಯಿತಿಗೆ ನನ್ನ ವಿನಂತಿ ಇಷ್ಟೇ: ದೀಪಾವಳಿಯ ಗೋಪೂಜೆ ಮುಗಿದ ವಾರದಲ್ಲೇ, ಹುಲ್ಲು ಬಲಿತಿರುವಾಗ, ಪ್ರತಿ ಗ್ರಾಮ ಪಂಚಾಯಿತಿಯೂ ಪಶುವೈದ್ಯರು ಮತ್ತು ಅರಣ್ಯ ಸಿಬ್ಬಂದಿಯನ್ನು ಜೊತೆಗಿಟ್ಟುಕೊಂಡು ತನ್ನ ಬ್ಯಾಣ, ಗೋಮಾಳಗಳಲ್ಲಿರುವ ಹುಲ್ಲು, ಮಾರ್ಚ್‌ವರೆಗೆ ನಿಲ್ಲುವ ನೀರು, ಊರಿನ ದನಗಳ ಸಂಖ್ಯೆ ಇವುಗಳನ್ನು ಬರೆದಿಟ್ಟು, ಕೊರತೆ ಎಷ್ಟೆಂದು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಅಕೇಶಿಯಾ ಕಟಾವಾದ ಗೋಮಾಳಗಳಲ್ಲಿ ಮತ್ತೆ ಅದನ್ನೇ ನೆಡುವ ಮೊದಲು ಈ ಪಟ್ಟಿಯನ್ನು ಅರಣ್ಯ ಇಲಾಖೆ ನೋಡಲಿ.

— ಒಬ್ಬ ಪಶುಪಾಲಕ, ಶಿರಸಿ ತಾಲೂಕು