ತೊಂಬತ್ತರ ಹಟಮಾರಿ

ವಿನ್ನಿಪೆಗ್, ಕೆನಡಾ

ಮಾತೃಶ್ರೀ ಸಮಾನರಾದ ದೊಡ್ಡಮ್ಮನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಕ್ಷೇಮ.

ಈಚೆಗೆ ಏನು ಓದುತ್ತಿರುವೆ ಎಂದು ಕೇಳಿದ್ದಿರಿ. ಇದೇ ಮ್ಯಾನಿಟೋಬಾ ಪ್ರಾಂತದ ನೀಪಾವಾದಲ್ಲಿ ಹುಟ್ಟಿದ ಮಾರ್ಗರೆಟ್ ಲಾರೆನ್ಸ್ ಅವರು 1964ರಲ್ಲಿ ಪ್ರಕಟಿಸಿದ ‘ದಿ ಸ್ಟೋನ್ ಏಂಜಲ್’ ಕಾದಂಬರಿಯನ್ನು ಮೊನ್ನೆ ಮುಗಿಸಿದೆ. ಕಥೆ ಹೇಳುವವಳು ತೊಂಬತ್ತು ವರ್ಷದ ಹೇಗರ್ ಶಿಪ್ಲಿ. ಆಕೆಯನ್ನು ನೋಡಿಕೊಳ್ಳುವ ಮಗ ಮಾರ್ವಿನ್‌ಗೇ ಅರವತ್ತು ದಾಟಿದೆ. ಅವನೂ ಸೊಸೆ ಡೋರಿಸಳೂ ಸುಮ್ಮನೆ ಸುತ್ತಾಡಿಸುವುದಾಗಿ ಹೇಳಿ ಕಾರಿನಲ್ಲಿ ಕೂರಿಸಿಕೊಂಡು ವೃದ್ಧಾಶ್ರಮ ತೋರಿಸಲು ಕರೆದೊಯ್ಯುತ್ತಾರೆ. ಈಕೆ ಬಿಡುವವಳೇ? ಪಿಂಚಣಿ ಚೆಕ್ಕನ್ನು ನಗದು ಮಾಡಿಸಿಕೊಂಡು, ಬಸ್ಸು ಹತ್ತಿ, ಸಮುದ್ರದಂಡೆಯಲ್ಲಿ ಪಾಳುಬಿದ್ದ ಮೀನಿನ ಕಾರ್ಖಾನೆಯೊಂದಕ್ಕೆ ಓಡಿಹೋಗುತ್ತಾಳೆ. ಚೀಲದಲ್ಲಿ ಬಿಸ್ಕತ್ತು ಉಂಟು, ಕುಡಿಯುವ ನೀರು ಮಾತ್ರ ಮರೆತಿದೆ!

ಸೊಸೆಯ ನಿಟ್ಟುಸಿರಾಗಲಿ, ಪಾದ್ರಿಯ ಒಣ ಸಮಾಧಾನವಾಗಲಿ ಆಕೆಯ ಕಣ್ಣಿಗೆ ತಪ್ಪುವುದಿಲ್ಲವಾದ್ದರಿಂದ ಪುಟಪುಟಕ್ಕೂ ನಗು ಬರುತ್ತದೆ. ಮನಸ್ಸಿನಲ್ಲಿ ಮೆತ್ತಗಿದ್ದ ಮಾತು ಬಾಯಿಗೆ ಬರುವಷ್ಟರಲ್ಲಿ ಮುಳ್ಳಾಗಿರುತ್ತದೆ. ಅದನ್ನು ಕೇಳಿ ಅವಳೇ ಬೆಚ್ಚುತ್ತಾಳೆ. ಆದರೆ ಬಾಲ್ಯದ ಒಂದು ನೆನಪನ್ನು ನಗುತ್ತ ಓದಲಾಗಲಿಲ್ಲ. ಸಾಯುತ್ತಿರುವ ಅಣ್ಣ ಡ್ಯಾನ್ ಜ್ವರದಲ್ಲಿ ಅಮ್ಮನಿಗಾಗಿ ಹಂಬಲಿಸುತ್ತಾನೆ. ಆ ತಾಯಿ ಹೇಗರಳನ್ನು ಹೆತ್ತಾಗಲೇ ತೀರಿಕೊಂಡವಳು. ತಾಯಿಯ ಹಳೆಯ ಶಾಲು ಹೊದ್ದು ಅವನನ್ನು ಒಂದಿಷ್ಟು ಹೊತ್ತು ಅಪ್ಪಿಕೊಂಡಿರು ಎಂದು ಇನ್ನೊಬ್ಬ ಅಣ್ಣ ಬೇಡಿದರೂ, ಆ ದುರ್ಬಲ ಹೆಂಗಸಿನ ವೇಷ ಹಾಕಲು ಇವಳಿಗೆ ಮೈ ಒಗ್ಗುವುದಿಲ್ಲ. ಕೊನೆಗೆ ಅಣ್ಣನೇ ಶಾಲು ಹೊದ್ದು ಕೂರುತ್ತಾನೆ.

ನೀವು ಡೋರಿಸಳ ಪಕ್ಷವನ್ನೇ ವಹಿಸುತ್ತೀರಿ, ಬಲ್ಲೆ. ಅಜ್ಜಿಯನ್ನು ವರ್ಷಗಟ್ಟಲೆ ಎತ್ತಿ ಮಲಗಿಸಿದವರು ನೀವು. ಕಾಫಿ ಆರಿಹೋಗಿದೆಯೆಂದು ಲೋಟ ಅತ್ತ ಸರಿಸಿ, ನೀವು ಬೆನ್ನು ತಿರುಗಿಸಿದೊಡನೆ ಅಜ್ಜಿ ಅದನ್ನು ಗಟಗಟನೆ ಕುಡಿಯುತ್ತಿದ್ದುದನ್ನು ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಕಾದಂಬರಿಯ ಕೊನೆಯಲ್ಲಿ, ಆಸ್ಪತ್ರೆಯ ಮಂಚದ ಮೇಲೆ, ನೀರು ಕುಡಿಸಲು ಬಂದ ನರ್ಸಿನ ಕೈಯಿಂದ ಹೇಗರ್ ಲೋಟ ಕಿತ್ತುಕೊಳ್ಳುತ್ತಾಳೆ. ಇದರಿಂದ ಸೋಲುವವಳು ತಾನೇ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಸ್ವಭಾವ ಬಿಡಲಾಗದು. ಲೋಟ ಕೈಯಲ್ಲಿರುವಾಗಲೇ ವಾಕ್ಯವೂ ಅರ್ಧಕ್ಕೆ ನಿಲ್ಲುತ್ತದೆ.

ಜನವರಿಯಲ್ಲಿ ಬಂದಾಗ ಆ ಪುಟವನ್ನು ಕನ್ನಡದಲ್ಲಿ ಓದಿ ಹೇಳುತ್ತೇನೆ. ಡೋರಿಸಳ ಪರ ವಾದವನ್ನು ಅಲ್ಲಿಯವರೆಗೆ ಸಿದ್ಧಮಾಡಿಟ್ಟುಕೊಳ್ಳಿ.

ಇತಿ,
ನಿಮ್ಮ ಪ್ರೀತಿಯ ಪುಟ್ಟಿ