ಎಐಎಸ್ ಕೂರಿಸಿದರೂ ಪ್ಲಾಟರ್ ಖಾಲಿ ಏಕೆ?

ಮಾನ್ಯರೇ,

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ದಿನಗಳು ಬೋಟ್‌ಗೆ ಎಐಎಸ್ ರಿಸೀವರ್ ಕೂರಿಸಲು ಸರಿಯಾದ ಸಮಯ. ಎಐಎಸ್ ಎಂದರೆ ಹಡಗುಗಳು ತಮ್ಮ ಗುರುತನ್ನು ರೇಡಿಯೊದಲ್ಲಿ ಸಾರುವ ವ್ಯವಸ್ಥೆ; ಸುತ್ತಲಿನ ಹಡಗುಗಳ ಜಾಗ, ವೇಗ, ದಿಕ್ಕನ್ನು ಹಿಡಿದು ಜಿಪಿಎಸ್ ಪ್ಲಾಟರ್‌ಗೆ, ಅಂದರೆ ನಕ್ಷೆ ತೋರಿಸುವ ಪರದೆಗೆ, ಕೊಡುವ ಡಬ್ಬಿ ಇದು. 2021ರ ಏಪ್ರಿಲ್‌ನಲ್ಲಿ ಮಂಗಳೂರಿನಾಚೆ ಕೇರಳದ ಬೇಪೂರಿನ ಬೋಟ್‌ಗೆ ಹಡಗು ಬಡಿದಾಗ 14 ಮಂದಿಯಲ್ಲಿ ಉಳಿದವರು ಇಬ್ಬರೇ. ಇಷ್ಟಾದ ಮೇಲೂ ಡಬ್ಬಿಯ ದೀಪ ಉರಿದರೆ ಕೆಲಸ ಮುಗಿಯಿತೆಂದು ಬಿಡುವುದಿದೆ. ಪ್ಲಾಟರ್‌ನಲ್ಲಿ ಒಂದೂ ಹಡಗು ಕಾಣುವುದಿಲ್ಲ.

ಮೊದಲ ತಪ್ಪು ವೈರಿನದು. ರಿಸೀವರ್‌ನ ಔಟ್ ಪ್ಲಸ್ ಪ್ಲಾಟರ್‌ನ ಇನ್ ಪ್ಲಸ್‌ಗೆ, ಔಟ್ ಮೈನಸ್ ಇನ್ ಮೈನಸ್‌ಗೆ ಹೋಗಬೇಕು. ಬಣ್ಣ ನೋಡಿ ಸೇರಿಸಬೇಡಿ: ಒಂದೊಂದು ಕಂಪನಿಗೆ ಒಂದೊಂದು ಬಣ್ಣ, ಮ್ಯಾನ್ಯುಯಲ್ ನೋಡಲೇಬೇಕು. ರಿಸೀವರ್‌ನಲ್ಲಿ ಟಿಎಕ್ಸ್ (ಮಾಹಿತಿ ಕಳಿಸುವ ವೈರು) ಮತ್ತು ಗ್ರೌಂಡ್ ಮಾತ್ರ ಇದ್ದರೆ ಟಿಎಕ್ಸ್ ಅನ್ನು ಇನ್ ಪ್ಲಸ್‌ಗೆ, ಗ್ರೌಂಡ್ ಅನ್ನು ಇನ್ ಮೈನಸ್‌ಗೆ ಕೊಡಿ.

ಎರಡನೆಯದು ಸ್ಪೀಡು; ಹೆಚ್ಚಿನವರು ಎಡವುವುದು ಇಲ್ಲೇ. ಬೋಟಿನ ಉಪಕರಣಗಳು ಒಂದಕ್ಕೊಂದು ಮಾಹಿತಿ ಕಳಿಸುವ ಎನ್‌ಎಂಇಎ 0183 ಪದ್ಧತಿಯ ಮಾಮೂಲಿ ವೇಗ ಸೆಕೆಂಡಿಗೆ 4800 ಬಿಟ್, ಎಐಎಸ್‌ನದು 38400. ಪ್ಲಾಟರ್ ಸೆಟಪ್‌ನಲ್ಲಿ ಆ ಪೋರ್ಟನ್ನು 38400 ಅಥವಾ ಹೈ ಸ್ಪೀಡ್‌ಗೆ ಬದಲಿಸದಿದ್ದರೆ ವೈರು ಎಷ್ಟು ಸರಿಯಿದ್ದರೂ ಪ್ರಯೋಜನವಿಲ್ಲ. ಕೆಲವು ಪ್ಲಾಟರ್‌ಗಳಲ್ಲಿ ಒಂದೇ ಪೋರ್ಟ್‌ಗೆ ಈ ವೇಗ ಇರುತ್ತದೆ. ಆ ಪೋರ್ಟ್‌ಗೆ ಮೊದಲೇ ಕಂಪಾಸ್ ಕೊಟ್ಟಿದ್ದರೆ ಎರಡನ್ನೂ ತಿರುಚಿ ಒಟ್ಟಿಗೆ ಕಟ್ಟಬೇಡಿ. ಒಂದು ಔಟ್‌ನಿಂದ ಹಲವು ಇನ್‌ಗೆ ಕೊಡಬಹುದು, ಎರಡು ಔಟ್ ಒಂದು ಇನ್‌ಗೆ ಹೋಗಬಾರದು, ಎರಡನ್ನೂ ಸೇರಿಸಿ ಒಂದೇ ಔಟ್ ಆಗಿ ಕೊಡುವ ಮಲ್ಟಿಪ್ಲೆಕ್ಸರ್ ಬೇಕು. ಎಐಎಸ್ ಡಿಸ್‌ಪ್ಲೇ ಆನ್ ಇದೆಯೇ ಎಂದೂ ನೋಡಿಕೊಳ್ಳಿ.

ಆಂಟೆನಾದಲ್ಲಿ ಉಳಿತಾಯ ಮಾಡಲು ಹೋಗಿ ಡಬ್ಬಿಯನ್ನೇ ಸುಡುವುದುಂಟು. ವೈರ್‌ಲೆಸ್ ಸೆಟ್ಟಿನ ಕೇಬಲ್‌ಗೆ ಟಿ ಕನೆಕ್ಟರ್ ಹಾಕಿ ಎರಡಕ್ಕೂ ಕೊಟ್ಟರೆ, ಮಾತಾಡುವ ಗುಂಡಿ (ಪಿಟಿಟಿ) ಒತ್ತಿದ ಕ್ಷಣ 25 ವಾಟ್ ನೇರ ರಿಸೀವರ್‌ಗೆ ನುಗ್ಗುತ್ತದೆ. ಎಐಎಸ್‌ಗೆಂದೇ ಬರುವ ಸ್ಪ್ಲಿಟರ್ ಹಾಕಿ, ಇಲ್ಲವೇ ಬೇರೆ ಆಂಟೆನಾ ನಿಲ್ಲಿಸಿ. ನನ್ನ ಮತ ಬೇರೆ ಆಂಟೆನಾಕ್ಕೆ. ನೀರಿನಿಂದ 6 ಮೀಟರ್ ಎತ್ತರದಲ್ಲಿದ್ದರೆ ದೊಡ್ಡ ಹಡಗು 15 ನಾಟಿಕಲ್ ಮೈಲಿನ ಆಸುಪಾಸಿನಲ್ಲೇ ಸಿಗುತ್ತದೆ. ಕರೆಂಟಿನ ವಿಷಯದಲ್ಲಿ ಒಂದೇ ಮಾತು: ಬೋಟಿನದು 24 ವೋಲ್ಟ್ ಇದ್ದು ಡಬ್ಬಿ 12 ವೋಲ್ಟಿನದ್ದಾದರೆ ನೇರ ಕೊಡಬೇಡಿ, ಫ್ಯೂಸ್ ತಪ್ಪಿಸಬೇಡಿ.

ಪರೀಕ್ಷೆಗೆ ಲ್ಯಾಪ್‌ಟಾಪ್ ಮತ್ತು ಯುಎಸ್‌ಬಿ ಸೀರಿಯಲ್ ಕೇಬಲ್ ಸಾಕು. 38400ರಲ್ಲಿ ತೆರೆದಾಗ ಆಶ್ಚರ್ಯಸೂಚಕ ಚಿಹ್ನೆ, ಅದರ ಬೆನ್ನಿಗೆ ‘ಎಐವಿಡಿಎಂ’ ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲುಗಳು ಬಂದರೆ ರಿಸೀವರ್ ಸರಿಯಿದೆ, ತೊಂದರೆ ಪ್ಲಾಟರ್ ಕಡೆ. ಅರ್ಥವಿಲ್ಲದ ಗೀಚು ಬಂದರೆ ಸ್ಪೀಡು ತಪ್ಪಿದೆ ಅಥವಾ ಪ್ಲಸ್-ಮೈನಸ್ ಅದಲುಬದಲಾಗಿದೆ. ಏನೂ ಬಾರದಿದ್ದರೆ ಆಂಟೆನಾ, ಕನೆಕ್ಟರ್ ನೋಡಿ. ಮಂಗಳೂರು ದಕ್ಕೆಯಲ್ಲಾದರೆ ಪಣಂಬೂರಿನ ದೊಡ್ಡ ಬಂದರಿನ ಹಡಗುಗಳು ಹತ್ತಿರವಿರುವುದರಿಂದ ಬೇಗ ಗೊತ್ತಾಗುತ್ತದೆ. ಮಲ್ಪೆ ಬಂದರಿನೊಳಗೆ ನಿಂತು ಏನೂ ಕಾಣಲಿಲ್ಲವೆಂದು ಡಬ್ಬಿ ಬಿಚ್ಚಬೇಡಿ. ಪಣಂಬೂರು ಅಲ್ಲಿಂದ ಸುಮಾರು 25 ನಾಟಿಕಲ್ ಮೈಲು ದೂರ. ಹಡಗು ಕಂಡರೂ ಹೆಸರು ಬರಲು 6 ನಿಮಿಷ ಹಿಡಿಯಬಹುದು, ಹೆಸರಿನ ಸಂದೇಶ ಬರುವುದೇ ಅಷ್ಟಕ್ಕೊಮ್ಮೆ.

ಬೋಟ್ ನಡೆಸುವ ತಂಡೇಲರಿಗೆ ಹೇಳಿಕೊಡಬೇಕಾದದ್ದು ಎರಡು. ಇದು ರಿಸೀವರ್ ಮಾತ್ರ, ಇದರಿಂದ ಹಡಗಿನವರಿಗೆ ನಮ್ಮ ಬೋಟ್ ಕಾಣದು. ಡಿಕ್ಕಿ ಅಲಾರಂನ ಸಮಯವನ್ನು 20 ನಿಮಿಷಕ್ಕೆ ಇಡಿ: 15 ನಾಟ್ ವೇಗದ ಹಡಗು ಅಷ್ಟರಲ್ಲಿ 5 ನಾಟಿಕಲ್ ಮೈಲು ಬಂದಿರುತ್ತದೆ, ಬಲೆ ಎಳೆಯುತ್ತಿರುವ ಬೋಟ್ ತಟ್ಟನೆ ತಿರುಗುವುದಿಲ್ಲ.

– ಬೋಟ್ ವೈರಿಂಗ್ ಕೆಲಸಗಾರ, ಮಲ್ಪೆ