ಬಿ.ಎಚ್. ರಸ್ತೆಯ ಅಣ್ಣನಿಗೆ ಥ್ಯಾಂಕ್ಸ್

ತುಮಕೂರಿನ ಬಿ.ಎಚ್. ರಸ್ತೆಯ ರಿಪೇರಿ ಅಂಗಡಿಯ ಅಣ್ಣಾ, ಗಿರಾಕಿಗಳ ಗದ್ದಲದಲ್ಲಿ ನಿಮ್ಮ ಹೆಸರು ಕೇಳೋಕೂ ಆಗಲಿಲ್ಲ. ಮನೆಯಲ್ಲೇ ಜೋಡಿಸಿದ ನನ್ನ ಕಂಪ್ಯೂಟರ್‌ನಲ್ಲಿ 3200 ವೇಗದ ಡಿಡಿಆರ್4 ರ‍್ಯಾಮ್ (ಮೆಮೊರಿ) 2133ರ ವೇಗದಲ್ಲೇ ಓಡ್ತಿತ್ತು. ನಕಲಿ ಮಾಲು ಅಂದವರೇ ಎಲ್ಲ. ನೀವು ಮಾತ್ರ ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್‌ಗಳಿರೋ ಬಯಾಸ್ ತೆರೆದು, ರ‍್ಯಾಮ್‌ಗೆ ಅದರ ಪೂರ್ತಿ ವೇಗ ಕೊಡೋ ಎಕ್ಸ್‌ಎಂಪಿ ಆನ್ ಮಾಡಿದ್ರಿ. ಮದರ್‌ಬೋರ್ಡು ತಾನಾಗಿ ಸುರಕ್ಷಿತ ವೇಗವನ್ನೇ ಹಿಡಿಯುತ್ತೆ, ಡಬ್ಬಿ ಮೇಲಿನ ವೇಗ ನಾವೇ ಕೇಳಿ ಪಡೀಬೇಕು ಅಂದ್ರಿ. ತಕ್ಷಣ ಸ್ಕ್ರೀನ್ ಕಪ್ಪಾಯ್ತು, ನನ್ನೆದೆ ಧಸಕ್ಕೆಂತು! ಬಯಾಸ್ ಸೆಟ್ಟಿಂಗ್ ಮೊದಲಿನಂತಾಗಲಿ ಅಂತ ನೀವು ಕರೆಂಟ್ ತೆಗೆದು, ನಾಣ್ಯದಂಥ ಸಿಆರ್2032 ಬ್ಯಾಟರಿ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದ್ರಿ. ರ‍್ಯಾಮ್‌ಗಳನ್ನು ಪ್ರೊಸೆಸರ್ ಕಡೆಯಿಂದ ಎರಡನೇ, ನಾಲ್ಕನೇ ಸ್ಲಾಟಿಗೆ ಸರಿಸಿ ಮತ್ತೆ ಎಕ್ಸ್‌ಎಂಪಿ ಆನ್ ಮಾಡಿದ್ರಿ. 3200 ಬಂತು. ದುಡ್ಡು ಮುಟ್ಟಲಿಲ್ಲ ನೀವು. ಬಿಡುವಾದಾಗ ಹೇಳಿ ಅಣ್ಣಾ, ಕ್ಯಾತಸಂದ್ರದ ತಟ್ಟೆ ಇಡ್ಲಿ ನನ್ನ ಲೆಕ್ಕ.